ಕಿವಿ ಮೇಸ್ತ್ರಿಗೆ ಕೇಳದ ಸದ್ದು

ನಾನು ಕೆಲಸ ಸಿಕ್ಕಿ ಪಟ್ಟಣಕ್ಕೆ ಬಂದ ಹೊಸದರಲ್ಲಿ ಬಾಡಿಗೆಗೆ ಹಿಡಿದ ಕೋಣೆ ಒಂದು ಎಂಜಿನ್ ಷೆಡ್ಡಿನ ಮೇಲಿತ್ತು. ಕೋಣೆಗೆ ಹತ್ತುವ ಕಬ್ಬಿಣದ ಮೆಟ್ಟಿಲು ಷೆಡ್ಡಿನ ಒಳಗೇ ಇದ್ದುದರಿಂದ, ಬೆಳಿಗ್ಗೆ ಸಂಜೆ ಬಿಚ್ಚಿ ಹರವಿದ ಸಾಮಾನಿನ ನಡುವೆ ಕಾಲಿಡಲು ಜಾಗ ಹುಡುಕುತ್ತ ಹಾದುಹೋಗಬೇಕಿತ್ತು. ಸೀಮೆಎಣ್ಣೆಯಲ್ಲಿ ನೆನೆಹಾಕಿದ ವಾಲ್ವುಗಳು, ಗೋಡೆಗೆ ಒರಗಿಸಿದ ಕ್ರ್ಯಾಂಕುಗಳು, ಹಳೇ ಬನಿಯನ್ ಬಟ್ಟೆಯ ಗಂಟು. ಇವುಗಳ ಮಧ್ಯೆ ಒಂದು ಮೋಟು ಸ್ಟೂಲಿನ ಮೇಲೆ ನನ್ನ ಮನೆ ಮಾಲೀಕರು ಕೂತಿರುತ್ತಿದ್ದರು. ಊರಿಗೆಲ್ಲ ಅವರು ಕಿವಿ ಮೇಸ್ತ್ರಿ.

ಆ ಹೆಸರು ಬಂದದ್ದು ಅವರ ಕಿವಿ ದೊಡ್ಡದು ಅಂತಲ್ಲ. ದೊಡ್ಡದು ಇದ್ದದ್ದೇನೋ ಹೌದು. ಬೇರೆ ಷೆಡ್ಡಿನವರು ಎಂಜಿನ್ ಬಿಚ್ಚಿ, ತೊಳೆದು, ಅಳತೆ ಮಾಡಿ ಹೇಳುವ ರೋಗವನ್ನು ಇವರು ಗಾಡಿ ಓಡಿಸಿ, ಕೇಳಿ ಹೇಳುತ್ತಾರೆ ಎಂಬ ಪ್ರತೀತಿ ಇತ್ತು. ಅದರಲ್ಲೂ ಎಂಜಿನ್ನಿನ ಕಂಪ್ರೆಷನ್ ಏರಿಸುವ ಕೆಲಸಕ್ಕೆ ದೂರದೂರದಿಂದ ಜನ ಬರುತ್ತಿದ್ದರು. ನಾನು ಹಳ್ಳಿಯಲ್ಲಿ ಬೆಳೆದವನು. ನೀರೆತ್ತುವ ಪಂಪಿನ ಎಂಜಿನ್ ಬಿಟ್ಟರೆ ಬೇರೆ ಎಂಜಿನ್ ಹತ್ತಿರದಿಂದ ನೋಡಿದವನಲ್ಲ. ಕಂಪ್ರೆಷನ್ ಅಂದರೆ ಏನು ಎಂದು ಕೇಳಿದಾಗ ಮೇಸ್ತ್ರಿ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ತೋರಿಸಿದರು. ಸಿಲಿಂಡರಿನೊಳಗೆ ಬಂದ ಗಾಳಿ ಮತ್ತು ಪೆಟ್ರೋಲನ್ನು ಪಿಸ್ಟನ್ ಮೇಲಕ್ಕೆ ಒತ್ತುತ್ತದೆ. ಎಂಟು ಪಾಲನ್ನು ಒತ್ತಿ ಒಂದು ಪಾಲು ಮಾಡುವ ಎಂಜಿನ್ ಸಾಧು. ತಲೆ ಉಬ್ಬಿದ ಬೇರೆ ಪಿಸ್ಟನ್ ಹಾಕಿ ಹತ್ತು, ಹನ್ನೊಂದು ಪಾಲನ್ನು ಒಂದು ಮಾಡಿದರೆ ಅದೇ ಎಂಜಿನ್ ಜಟ್ಟಿಯಾಗುತ್ತದೆ. ಆದರೆ ಅಷ್ಟು ಒತ್ತಿಸಿಕೊಂಡ ಪೆಟ್ರೋಲಿಗೆ ತಾಳ್ಮೆ ಬೇಕು. ತಾಳ್ಮೆಯಿಲ್ಲದ್ದು ಕಿಡಿ ಹಚ್ಚಿದ ಮೇಲೆ ಸಾವಧಾನವಾಗಿ ಉರಿಯುವ ಬದಲು ಮೂಲೆಯಲ್ಲಿ ತನ್ನಷ್ಟಕ್ಕೆ ತಾನೇ ಸಿಡಿದುಬಿಡುತ್ತದೆ. ಆಗ ಎಂಜಿನ್ನಿನೊಳಗೆ ಟಿಣ್ ಟಿಣ್ ಎಂಬ ಸಣ್ಣ ಸದ್ದು ಹುಟ್ಟುತ್ತದೆ. ಅದನ್ನು ಕೇಳಿಯೂ ಓಡಿಸುತ್ತ ಹೋದರೆ ಒಂದು ದಿನ ಪಿಸ್ಟನ್ನಿಗೆ ತೂತು ಬೀಳುತ್ತದೆ.

ಪೆಟ್ರೋಲ್ ಬಂಕಿನಲ್ಲಿ ಆಕ್ಟೇನ್ ಎಂದು ಬರೆದ ಅಂಕಿ ಇರುತ್ತದಲ್ಲ, ಅದು ಶಕ್ತಿಯ ಲೆಕ್ಕ ಎಂದು ಜನ ತಿಳಿದಿದ್ದಾರೆ, ಅದು ತಾಳ್ಮೆಯ ಲೆಕ್ಕ, ಎಂದು ಮೇಸ್ತ್ರಿ ಹೇಳಿದರು. ದುಬಾರಿ ಪೆಟ್ರೋಲು ಜಾಸ್ತಿ ಸಹಿಸುತ್ತದೆ, ಅಷ್ಟೆ. ಸಾಧು ಎಂಜಿನ್ನಿಗೆ ಅದನ್ನು ಕುಡಿಸುವುದು ಕಿವುಡನ ಮುಂದೆ ಪಿಸುಮಾತು ಆಡಿದ ಹಾಗೆ. ಈ ಹೋಲಿಕೆ ಅವರಿಗೆ ಬಲು ಇಷ್ಟವಾಗಿತ್ತು. ಎಲ್ಲ ಗಿರಾಕಿಗಳಿಗೂ ಹೇಳಿ ನಗುತ್ತಿದ್ದರು.

ಷೆಡ್ಡಿನ ಹಿಂದಿನ ಎರಡು ಕೋಣೆಗಳಲ್ಲಿ ಮೇಸ್ತ್ರಿಯೂ ಅವರ ಅಕ್ಕನೂ ಇದ್ದರು. ತಂದೆ ತಾಯಿ ಒಬ್ಬರ ಹಿಂದೆ ಒಬ್ಬರು ಹೋದಾಗ ಅಕ್ಕನಿಗೆ ಮದುವೆಯ ವಯಸ್ಸು, ತಮ್ಮನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಅಕ್ಕ ಗಾಜಿನ ಬಾಟಲಿ ಕಾರ್ಖಾನೆಗೆ ಸೇರಿ ತಮ್ಮನನ್ನು ಕೆಲಸ ಕಲಿಯಲು ಬಿಟ್ಟರು. ಆಮೇಲೆ ಯಾರ ಮದುವೆಯ ಮಾತನ್ನೂ ಯಾರೂ ಎತ್ತಲಿಲ್ಲ. ಕಾರ್ಖಾನೆಯಲ್ಲಿ ಅಕ್ಕನದು ಬಾಟಲಿಗಳನ್ನು ಎರಡೆರಡಾಗಿ ಎತ್ತಿ ಒಂದಕ್ಕೊಂದು ತಾಗಿಸಿ ನೋಡುವ ಕೆಲಸ. ಗಟ್ಟಿ ಬಾಟಲಿಯ ಸದ್ದೇ ಒಂದು, ಕಣ್ಣಿಗೆ ಕಾಣದ ಸೀಳು ಬಿಟ್ಟದ್ದರ ಸದ್ದೇ ಒಂದು. ಅದನ್ನೇ ಕೇಳಿ ಕೇಳಿ ಅವರ ಕಿವಿ ಎಷ್ಟು ಹರಿತವಾಗಿತ್ತೆಂದರೆ, ಟೈಲರ್ ಅಂಗಡಿಯ ಮುಂದೆ ನಡೆದು ಹೋಗುವಾಗ ಒಳಗೆ ತಲೆ ಹಾಕಿ, ಸೂಜಿ ಬಾಗಿದೆ ನೋಡಪ್ಪ, ಎಂದು ಹೇಳಿ ಮುಂದೆ ಹೋಗುತ್ತಿದ್ದರು. ಟೈಲರ್ ಸೂಜಿ ಬಿಚ್ಚಿ ನೋಡಿದರೆ ಬಾಗಿರುತ್ತಿತ್ತು.

ಅಕ್ಕ ತಮ್ಮನದು ಒಂದು ಪದ್ಧತಿ ಇತ್ತು. ಎಂಜಿನ್ ಕಟ್ಟಿ ಮುಗಿದ ಮೇಲೆ ಕಾರನ್ನು ನೀರಿನ ಟ್ಯಾಂಕಿನ ಹಿಂದಿನ ಏರಿಗೆ ಒಯ್ಯುವುದು. ಮೇಸ್ತ್ರಿ ಮುಂದೆ, ಅಕ್ಕ ಅವರ ಬೆನ್ನ ಹಿಂದಿನ ಸೀಟಿನಲ್ಲಿ. ಎಂಜಿನ್ ಚೆನ್ನಾಗಿ ಕಾದ ಮೇಲೆ ಮೇಲಿನ ಗೇರಿನಲ್ಲೇ ನಿಧಾನಕ್ಕೆ ಏರು ಹಿಡಿದು ಪೂರ್ತಿ ಆಕ್ಸಿಲರೇಟರ್ ಒತ್ತುವುದು. ಎಂಜಿನ್ನಿಗೆ ಅದಕ್ಕಿಂತ ದೊಡ್ಡ ಹಿಂಸೆ ಇಲ್ಲ. ಟಿಣ್ ಎನ್ನುವುದಿದ್ದರೆ ಅಲ್ಲೇ ಎನ್ನಬೇಕು. ಅಂದ ಕ್ಷಣ ಅಕ್ಕ ತಮ್ಮನ ಭುಜಕ್ಕೆ ಒಂದು ಏಟು ತಟ್ಟುತ್ತಿದ್ದರು. ಮೇಸ್ತ್ರಿ ಇಳಿದು ಬಾನೆಟ್ ಎತ್ತಿ, ಕಿಡಿ ಹಚ್ಚುವ ಹೊತ್ತನ್ನು ಕೂದಲೆಳೆಯಷ್ಟು ತಡವಾಗುವಂತೆ ಹಿಂದಕ್ಕೆ ತಿರುಗಿಸಿ ಮತ್ತೆ ಏರು ಹತ್ತಿಸುತ್ತಿದ್ದರು. ಭುಜದ ಮೇಲೆ ಏಟು ಬೀಳದಿದ್ದರೆ ಕಾರು ತಯಾರು. ಅಕ್ಕನಿಗೆ ಗಾಳಿಸವಾರಿಯ ಹುಚ್ಚು ಎಂದು ಓಣಿಯವರು ತಮಾಷೆ ಮಾಡುತ್ತಿದ್ದರು. ಅಕ್ಕ ಅದನ್ನು ಒಪ್ಪಿಕೊಂಡೇ ಕೂರುತ್ತಿದ್ದರು.

ನಾನು ಬಂದ ಎರಡನೇ ವರ್ಷ, ಐವತ್ತು ದಾಟಿದ ಮೇಲೆ, ಆ ಅಕ್ಕ ಮದುವೆಯಾದರು. ಗಂಡು ಅವರದೇ ಕಾರ್ಖಾನೆಯ ತೂಕದ ಗುಮಾಸ್ತರು. ಹೆಂಡತಿಯನ್ನು ಕಳೆದುಕೊಂಡವರು, ಕೆಲಸದಿಂದ ನಿವೃತ್ತರಾಗಿ, ಬಸ್ಸಿನಲ್ಲಿ ಅರ್ಧ ದಿನದ ದಾರಿಯಷ್ಟು ದೂರದ ಊರಿನಲ್ಲಿ ಮನೆ ಮಾಡಿದ್ದರು. ಟೀ ಕುಡಿಯಲು ಒಂದೆರಡು ಸಲ ಬಂದುಹೋದ ಆ ಸಣಕಲು ಮನುಷ್ಯ ತಮ್ಮ ಮನೆಯ ಅರ್ಧವನ್ನು ಎತ್ತಿಕೊಂಡು ಹೋಗುತ್ತಾನೆಂದು ಮೇಸ್ತ್ರಿಗೆ ಹೊಳೆದಿರಲೇ ಇಲ್ಲ. ಅಕ್ಕ ವಿಷಯ ಹೇಳಿದ ದಿನ ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡದೆ ಒಂದೇ ಮಾತು ಕೇಳಿದರಂತೆ.

"ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ನಿನಗೆ?"

ಅಕ್ಕ ಒಳಗೆ ಹೋಗಿ ಒಲೆ ಹಚ್ಚಿದರಂತೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ಮೇಸ್ತ್ರಿ ಸಾಕ್ಷಿ ಸಹಿ ಹಾಕಿದರು, ಊಟ ಮಾಡಿದರು, ಅಕ್ಕ ಬಸ್ಸು ಹತ್ತುವ ಮೊದಲೇ ಯಾವುದೋ ಗಾಡಿ ಕಾಯುತ್ತಿದೆ ಎಂದು ಷೆಡ್ಡಿಗೆ ಬಂದುಬಿಟ್ಟರು. ಯಾವ ಗಾಡಿಯೂ ಕಾಯುತ್ತಿರಲಿಲ್ಲ. ನಾನು ಮೆಟ್ಟಿಲಿಳಿದು ಬಂದಾಗ ಅವರು ಒರೆಸಿದ್ದ ಬೆಂಚನ್ನೇ ಮತ್ತೆ ಒರೆಸುತ್ತಿದ್ದರು.

ಆಮೇಲೆ ಅಕ್ಕನ ಫೋನು ಬರುತ್ತಿತ್ತು. ಹೂಂ, ಚೆನ್ನಾಗಿದೀನಿ, ಕೆಲಸ ಇದೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಷೆಡ್ಡಿನಲ್ಲಿ ರೇಡಿಯೋ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂಗತೊಡಗಿತು. ವಾರ್ತೆಯೋ ಹಾಡೋ ಅವರು ಗಮನಿಸಿದ್ದನ್ನು ನಾನು ಕಾಣೆ. ಹಿಂದಿನ ಎರಡು ಕೋಣೆಗಳಲ್ಲಿ ಒಂದಕ್ಕೆ ಬೀಗ ಬಿತ್ತು. ಅಡುಗೆಯನ್ನು ಅವರು ಎಂಜಿನ್ ಕೆಲಸದ ಹಾಗೆಯೇ ಮಾಡುತ್ತಿದ್ದರು. ಬೆಳಿಗ್ಗೆ ಒಂದು ಪಾತ್ರೆ ಅನ್ನ ಮಾಡಿ, ಮಧ್ಯಾಹ್ನ ಅದನ್ನೇ, ರಾತ್ರಿ ಅದನ್ನೇ, ಸ್ಟೂಲಿನ ಮೇಲೆ ಕೂತು ತಟ್ಟೆಯನ್ನು ಕಬ್ಬಿಣ ಬಿಗಿದು ಹಿಡಿಯುವ ವೈಸಿನ ಪಕ್ಕ ಇಟ್ಟುಕೊಂಡು ಉಣ್ಣುತ್ತಿದ್ದರು. ನಾನು ಹಾದುಹೋಗುವಾಗ, "ಮೇಲಿನವರೇ, ಊಟ ಆಯ್ತಾ?" ಎಂದು ಕೇಳುತ್ತಿದ್ದರು. ಮಹಡಿಯಲ್ಲಿರುವುದರಿಂದ ನಾನು ಅವರಿಗೆ ಮೇಲಿನವರು. ಹೊಸ ಗಿರಾಕಿಗಳು ಮೇಸ್ತ್ರಿ ದೇವರಿಗೇ ಊಟದ ವಿಚಾರ ಕೇಳುತ್ತಿದ್ದಾರೆ ಎಂದುಕೊಂಡು ಸೂರು ನೋಡುತ್ತಿದ್ದರು. ಮೊದಮೊದಲು ನಾನು ಒಂದೆರಡು ಮಾತಾಡಲು ನಿಲ್ಲುತ್ತಿದ್ದೆ. ಅವರು ಉತ್ತರ ಕೇಳಿಸಿಕೊಂಡು ತಲೆ ಆಡಿಸಿ ಮತ್ತೆ ತಟ್ಟೆಗೆ ಬಗ್ಗುತ್ತಿದ್ದರು. ಬರುಬರುತ್ತ ನಾನೂ ಆಯ್ತು ಎಂದು ಮೆಟ್ಟಿಲು ಹತ್ತತೊಡಗಿದೆ.

ಇನ್ನೊಂದನ್ನೂ ಗಮನಿಸಿದ್ದೆ. ಕಂಪ್ರೆಷನ್ ಏರಿಸುವ ಕೆಲಸ ತಂದವರನ್ನು ಅವರು ಏನಾದರೊಂದು ನೆಪ ಹೇಳಿ ಕಳಿಸಿಬಿಡುತ್ತಿದ್ದರು. ಒಳ್ಳೆಯ ಗ್ಯಾಸ್ಕೆಟ್ ಸಿಗುತ್ತಿಲ್ಲ, ಸಿಲಿಂಡರಿಗೆ ಬೋರ್ ಹಾಕುವ ಯಂತ್ರದವನು ಊರಲ್ಲಿಲ್ಲ, ಸೊಂಟ ಹಿಡಿದಿದೆ. ಪಿಸ್ಟನ್ನಿನ ಉಂಗುರ ಬದಲಾಯಿಸುವುದು, ವಾಲ್ವು ಕೂರಿಸುವುದು, ಇಂಥ ಸಾಧು ಕೆಲಸಗಳಲ್ಲೇ ಒಂದು ವರ್ಷ ಕಳೆಯಿತು.

ಆಗ ಹಲ್ಲಿನ ಡಾಕ್ಟರು ಬಂದರು. ಅವರಪ್ಪನ ಕಾಲದ ಕಾರು, ಮೇಸ್ತ್ರಿಯೇ ಬಹಳ ವರ್ಷಗಳಿಂದ ನೋಡಿಕೊಂಡದ್ದು. ಎಂಜಿನ್ ಹೊಗೆ ಕಾರುತ್ತಿತ್ತು. ಕಂಪನಿಯ ಪಿಸ್ಟನ್ ಎಲ್ಲೂ ಸಿಗುವಂತಿರಲಿಲ್ಲ. ಡಾಕ್ಟರು ತಾವೇ ಹುಡುಕಿ, ಹೊರಗಿನ ತಯಾರಕರೊಬ್ಬರಿಂದ ನಾಲ್ಕು ಪಿಸ್ಟನ್ ತರಿಸಿಬಿಟ್ಟಿದ್ದರು. ಪೆಟ್ಟಿಗೆ ತೆರೆದರೆ ಪಿಸ್ಟನ್ನುಗಳ ತಲೆ ಬೋರಲು ಹಾಕಿದ ಬಟ್ಟಲಿನ ಹಾಗೆ ಉಬ್ಬಿತ್ತು. ಕಂಪ್ರೆಷನ್ ಹತ್ತೂವರೆ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿತ್ತು. ರಜೆಗೆ ಹೆಂಡತಿ, ಇಬ್ಬರು ಮಕ್ಕಳು ಮತ್ತು ಅತ್ತೆಯನ್ನು ಕೂರಿಸಿಕೊಂಡು ಬೆಟ್ಟದ ಮೇಲಿನ ಊರಿಗೆ ಹೋಗಬೇಕೆಂಬುದು ಅವರ ಯೋಜನೆ.

"ಹೋದ ವರ್ಷ ಅರ್ಧ ಬೆಟ್ಟದಲ್ಲಿ ನನ್ನ ಹೆಂಡತಿ ಇಳಿದು ತಳ್ಳಿದ್ಲು, ಮೇಸ್ತ್ರಿ. ಈ ಸಲ ಗಾಡಿ ನಿಂತರೆ ನನ್ನನ್ನೇ ಕೆಳಗೆ ತಳ್ತಾಳಂತೆ" ಎಂದರು ಡಾಕ್ಟರು.

ಮೇಸ್ತ್ರಿ ನೆಪ ಹುಡುಕಿರಬೇಕು. ಆದರೆ ಆ ಕಾರನ್ನು ಬೇರೆಯವರ ಕೈಗೆ ಬಿಡಲು ಮನಸ್ಸಾಗಲಿಲ್ಲ. ಒಪ್ಪಿಕೊಂಡರು. ಪೆಟ್ರೋಲಿನ ವಿಚಾರ ಅಲ್ಲೇ ಬಂತು. ದುಬಾರಿ ಪೆಟ್ರೋಲು ನಮ್ಮ ಊರಿನ ಹೊರವಲಯದ ಒಂದು ಬಂಕಿನಲ್ಲಿ ಬಿಟ್ಟರೆ ಆ ದಾರಿಯಲ್ಲಿ ಎಲ್ಲೂ ಸಿಗುತ್ತಿರಲಿಲ್ಲ. ಇಲ್ಲಿ ಟ್ಯಾಂಕ್ ತುಂಬಿಸಿಕೊಂಡು ಹೊರಟರೆ ಬೆಟ್ಟದ ಬುಡ ಮುಟ್ಟುವಷ್ಟರಲ್ಲಿ ಖಾಲಿ. ಅಲ್ಲಿ ಸಿಗುವುದು ಮಾಮೂಲಿ ಪೆಟ್ರೋಲು, ಮುಂದೆ ಇರುವುದು ಸುತ್ತು ಸುತ್ತಿನ ಏರು. ಕ್ಯಾನಿನಲ್ಲಿ ಒಯ್ಯುತ್ತೇನೆ ಎಂದು ಡಾಕ್ಟರು ಹೇಳಿದಾಗ, ಮಕ್ಕಳ ಕಾಲ ಕೆಳಗೆ ಪೆಟ್ರೋಲ್ ಇಟ್ಟುಕೊಂಡು ಪ್ರಯಾಣ ಮಾಡುವ ನೀವು ಹಲ್ಲು ಹೇಗೆ ಕೀಳುತ್ತೀರೋ ಎಂದು ಮೇಸ್ತ್ರಿ ಬೈದರು. ಅಂದರೆ ಎಂಜಿನ್ನು ಮಾಮೂಲಿ ಪೆಟ್ರೋಲಿನಲ್ಲೇ ಆ ಏರನ್ನು ಹತ್ತಬೇಕು. ಹತ್ತುತ್ತದೋ ಇಲ್ಲವೋ ಎಂದು ಕಾರು ಕೊಡುವ ಮೊದಲು ಮೇಸ್ತ್ರಿ ಹೇಳಬೇಕು. ತಪ್ಪಿದರೆ ಪಿಸ್ಟನ್ನಿಗೆ ತೂತು ಬೀಳುವುದು ಐದು ಜನ ಕೂತಿರುವಾಗ, ಬೆಟ್ಟದ ತಿರುವಿನಲ್ಲಿ.

ಕೆಲಸ ಶುರುವಾದ ಮೇಲೆ ಮೇಸ್ತ್ರಿಯ ಮುಖದಲ್ಲಿ ಹಳೆಯ ಕಳೆ ಬಂತು. ಪೆಟ್ಟಿಗೆಯ ಮೇಲಿನ ಅಂಕಿಯನ್ನು ಅವರು ನಂಬಲಿಲ್ಲ. ಈ ಎಂಜಿನ್ನಿನ ಹೆಡ್ಡು, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಒಮ್ಮೆ ಬಾಗಿದ್ದಾಗ ತಾವೇ ಅದನ್ನು ಸಮಕ್ಕೆ ಉಜ್ಜಿಸಿದ್ದು ನೆನಪಿತ್ತು. ಉಜ್ಜಿದಷ್ಟೂ ಒಳಗಿನ ಜಾಗ ಕಮ್ಮಿ, ಒತ್ತಡ ಜಾಸ್ತಿ. ಹೆಡ್ಡಿನ ಗುಳಿಯ ಮೇಲೆ ಗಾಜಿನ ತುಂಡು ಮುಚ್ಚಿ, ಡಾಕ್ಟರ ಷಾಪಿನದೇ ಒಂದು ಸಿರಿಂಜಿನಿಂದ ತೆಳು ಎಣ್ಣೆ ತುಂಬಿಸಿ, ಎಷ್ಟು ಹಿಡಿಯಿತೆಂದು ಅಳೆದರು. ಹತ್ತೂವರೆಯಲ್ಲ, ಹನ್ನೊಂದು ದಾಟಿತ್ತು. ಮಾಮೂಲಿ ಪೆಟ್ರೋಲಿಗೆ ಇದು ಜಾಸ್ತಿಯೇ, ಆದರೆ ಕಿಡಿಯ ಹೊತ್ತನ್ನು ಹಿಂದಕ್ಕೆ ಹಾಕಿ ಸರಿದೂಗಿಸಬಹುದು, ಹಿಂದೆ ಎಷ್ಟೋ ಸಲ ಮಾಡಿಲ್ಲವೇ ಎಂದು ಅವರ ಲೆಕ್ಕ.

ಒಂದು ಭಾನುವಾರ ಎಂಜಿನ್ ತಯಾರಾಯಿತು. ಮಾಮೂಲಿ ಪೆಟ್ರೋಲು ಹಾಕಿಸಿದರು. ನೀವೂ ಬನ್ನಿ ಎಂದು ನನ್ನನ್ನು ಕರೆದರು. ನಾನು ಹಿಂದೆ ಕೂರಲು ಹೋದರೆ, ಬೇಡ, ಮುಂದೆ ಬನ್ನಿ, ಎಂದರು. ನೀರಿನ ಟ್ಯಾಂಕಿನ ಹಿಂದಿನ ಏರಿನಲ್ಲಿ ಮೇಲಿನ ಗೇರು ಹಾಕಿ ಪೂರ್ತಿ ಒತ್ತಿದಾಗ ಕಾರು ಬೆನ್ನಿಗೆ ಗುದ್ದಿದ ಹಾಗೆ ಮುಂದಕ್ಕೆ ಹೋಯಿತು. ಮೇಸ್ತ್ರಿ ತಲೆ ಓರೆ ಮಾಡಿ ಕೇಳಿಸಿಕೊಂಡರು. ಮೂರು ಸಲ ಹತ್ತಿಳಿದೆವು.

"ಏನಾದ್ರೂ ಕೇಳಿಸ್ತಾ?" ಎಂದರು.

ನನಗೆ ಎಲ್ಲವೂ ಹಿಟ್ಟಿನ ಗಿರಣಿಯ ಸದ್ದಿನ ಹಾಗೆ ಕೇಳಿತ್ತು. ಹಾಗೆಯೇ ಹೇಳಿದೆ. ಅವರು ನಕ್ಕರು. ಸ್ವಚ್ಛವಾಗಿದೆ, ಒಂದು ಟಿಣ್ ಕೂಡ ಇಲ್ಲ, ನಾಳೆ ಕೊಟ್ಟುಬಿಡೋಣ ಎಂದರು. ಆ ವರ್ಷದಲ್ಲಿ ಅವರು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ. ಏರಿನ ತುದಿಯಲ್ಲೇ ಎಂಜಿನ್ ನಿಲ್ಲಿಸಿ, ಪೆಟ್ರೋಲು ಗಾಳಿ ಹದವಾಗಿ ಉರಿದಿದೆಯೇ ನೋಡಲು ಕಿಡಿ ಹಚ್ಚುವ ಒಂದು ಪ್ಲಗ್ಗು ಬಿಚ್ಚಿದರು. ಬಟ್ಟೆಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿದರು. ಉಳಿದ ಮೂರನ್ನೂ ಬಿಚ್ಚಿದರು.

ಪ್ಲಗ್ಗಿನ ತುದಿಯ ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಚಿಮುಕಿಸಿದಂತೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಿದ್ದವು. ನಡುವೆ ಅಲ್ಲಲ್ಲಿ ಸೂಜಿಮೊನೆಯಷ್ಟು ಹೊಳೆಯುವ ಕಣಗಳು. ಅವು ಪಿಸ್ಟನ್ನಿನ ಅಲ್ಯೂಮಿನಿಯಂ. ಪೆಟ್ರೋಲು ಸಿಡಿದು ಪಿಸ್ಟನ್ನಿನ ತಲೆಯನ್ನು ಕೆರೆದು ತಂದು ಅಲ್ಲಿ ಅಂಟಿಸಿತ್ತು. ಏರು ಹತ್ತಿದಷ್ಟು ಹೊತ್ತೂ ಎಂಜಿನ್ ಬಾಯಿ ಬಡಿದುಕೊಂಡಿತ್ತು. ಮುಂದಿನ ಸೀಟಿನಲ್ಲಿದ್ದ ಇಬ್ಬರಿಗೂ ಕೇಳಿರಲಿಲ್ಲ.

ನನಗೆ ಕೇಳದ್ದು ದೊಡ್ಡ ಮಾತಲ್ಲ. ಮೇಸ್ತ್ರಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು. ವಯಸ್ಸಾದಂತೆ ಸಣ್ಣ ಸದ್ದು ಕಿವಿಗೆ ಬೀಳುವುದಿಲ್ಲವಂತೆ, ಎಂದು ನಾನು ಸಮಾಧಾನಕ್ಕೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. ಮೊದಲು ಆ ಸದ್ದು ಹೇಗೆ ಕೇಳುತ್ತಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡುತ್ತಿದ್ದೇನೆ, ನೆನಪಿಗೆ ಸದ್ದೇ ಬರುತ್ತಿಲ್ಲ, ಭುಜ ಮಾತ್ರ ಬರುತ್ತಿದೆ, ಎಂದರು. ಅಷ್ಟು ವರ್ಷವೂ ಭುಜದ ಮೇಲೆ ಬೀಳುತ್ತಿದ್ದ ಏಟನ್ನೇ ಅವರು ಸದ್ದು ಎಂದುಕೊಂಡಿದ್ದರು. ನಾನೂ ಕೇಳಿದೆ, ಅಕ್ಕ ತಟ್ಟಿ ಹೌದು ಅಂದಳು, ಎಂದು ನಂಬಿದ್ದರು. ಊರು ಕೊಟ್ಟ ಹೆಸರನ್ನು ಎಲ್ಲರಿಗಿಂತ ಹೆಚ್ಚಾಗಿ ನಂಬಿದವರು ಅವರೇ.

ಮಾರನೇ ದಿನ ಡಾಕ್ಟರಿಗೆ ಒಂದು ವಾರದ ವಾಯಿದೆ ಹೇಳಿದರು. ಸಂಜೆ ನಾನು ಆಫೀಸಿನಿಂದ ಬಂದಾಗ ಫೋನು ಕೈಯಲ್ಲಿ ಹಿಡಿದು ಮೆಟ್ಟಿಲ ಬಳಿ ನಿಂತಿದ್ದರು. ಮದುವೆಯ ನಂತರ ಅವರಾಗಿಯೇ ಅಕ್ಕನಿಗೆ ಫೋನ್ ಮಾಡಿದ್ದು ಅದೇ ಮೊದಲು. ಏರಿನಲ್ಲಿ ಕಾರು ಓಡಿಸುವಾಗ ನಾನು ಫೋನನ್ನು ಡ್ಯಾಷ್‌ಬೋರ್ಡಿನ ಹತ್ತಿರ ಹಿಡಿದುಕೊಳ್ಳುವುದು, ಅಕ್ಕ ಅಲ್ಲಿಂದ ಕೇಳಿ ಹೇಳುವುದು, ಇದು ಅವರು ಹೂಡಿದ ಉಪಾಯ. ಹಾಗೆಯೇ ಮಾಡಿದೆವು. ಕಾರು ಅಬ್ಬರಿಸಿ ಏರು ಹತ್ತಿತು. ಮೇಸ್ತ್ರಿ ಉಸಿರು ಬಿಗಿಹಿಡಿದು, ಬಿಟ್ಟು, ಈಗ ಕೇಳಿಸ್ತಾ ಎಂದು ಕೂಗಿದರು.

"ಎಂಜಿನ್ ಸದ್ದೇ ಬರ್ತಿಲ್ಲ ಕಣೋ. ನಿನ್ನ ಉಸಿರು ಮಾತ್ರ ಕೇಳ್ತಿದೆ" ಎಂದಿತು ಫೋನು.

ಫೋನಿನೊಳಗೆ ಹೊರಗಿನ ಗದ್ದಲವನ್ನು ಸೋಸಿ ಮನುಷ್ಯನ ದನಿಯನ್ನಷ್ಟೇ ದಾಟಿಸುವ ಏರ್ಪಾಡು ಇರುತ್ತದೆ. ಅದು ಎಂಜಿನ್ನನ್ನು ಗದ್ದಲ ಎಂದುಕೊಂಡಿತ್ತು. ಇನ್ನೆರಡು ಸಲ ಪ್ರಯತ್ನಿಸಿದೆವು. ಕಡೆಗೆ ಅಕ್ಕ, ನೀನೇ ಗಾಡಿ ತಗೊಂಡು ಬಾ, ಎಂದರು. ಇವರು, ಹೂಂ, ಎಂದರು.

ಅವರು ಹೊರಟದ್ದು ಶುಕ್ರವಾರ ಬೆಳಿಗ್ಗೆ, ಟ್ಯಾಂಕಿನಲ್ಲಿ ದುಬಾರಿ ಪೆಟ್ರೋಲು ಹಾಕಿಸಿಕೊಂಡು, ಎಂಜಿನ್ನಿಗೆ ಭಾರ ಬೀಳದಂತೆ ನಿಧಾನವಾಗಿ ಓಡಿಸುತ್ತ. ಮುಂದಿನದನ್ನು ಅವರು ನನಗೆ ಒಂದೇ ಸಲ ಹೇಳಲಿಲ್ಲ. ಸ್ವಲ್ಪ ಅವತ್ತು, ಸ್ವಲ್ಪ ಇನ್ಯಾವತ್ತೋ, ಪಿಸ್ಟನ್ ಉಂಗುರ ತೊಳೆಯುತ್ತ ಹೇಳಿದರು.

ಅಕ್ಕನ ಮನೆ ಚಿಕ್ಕದು, ಬಿಸಿಲು ಬರುವಂಥದ್ದು. ಗುಮಾಸ್ತರು ಬಾಗಿಲಲ್ಲೇ ಇವರ ಮೈ ನೋಡಿ, ಹೋದ ಸಲಕ್ಕಿಂತ ಆರು ಕೆಜಿ ಇಳಿದಿದ್ದೀರಿ, ಎಂದರಂತೆ. ತೂಕದ ಯಂತ್ರದ ಮುಂದೆ ಆಯಸ್ಸು ಕಳೆದ ಮನುಷ್ಯ. ಅಂದಾಜು ಸರಿಯೇ ಇತ್ತು. ಊಟವಾದ ಮೇಲೆ ಅಕ್ಕ ತಮ್ಮ ಇಬ್ಬರೇ ಕಾರಿನಲ್ಲಿ ಊರ ಹೊರಗಿನ ಒಂದು ಏರಿಗೆ ಹೋದರು. ಅಕ್ಕ ಹಿಂದಿನ ಸೀಟಿನಲ್ಲಿ ಕೂತರು.

ದುಬಾರಿ ಪೆಟ್ರೋಲಿನಲ್ಲಿ ಮೊದಲ ಸಲ ಒಂದು ಏಟು ಬಿತ್ತು. ಕಿಡಿಯ ಹೊತ್ತನ್ನು ತುಸು ಹಿಂದಕ್ಕೆ ತಿರುಗಿಸಿದ ಮೇಲೆ ಬೀಳಲಿಲ್ಲ. ಆಮೇಲೆ ಟ್ಯಾಂಕ್ ಬಸಿದು ಮಾಮೂಲಿ ಪೆಟ್ರೋಲು ಹಾಕಿದರು. ಏರು ಹಿಡಿಯುತ್ತಲೇ ಏಟು. ಹಿಂದಕ್ಕೆ ತಿರುಗಿಸಿದರು, ಮತ್ತೆ ಏಟು. ಇನ್ನೂ ಹಿಂದಕ್ಕೆ. ಎಂಜಿನ್ ಮಂಕಾಗಿ, ಕಾವು ಹೆಚ್ಚಿ, ಏರು ಹತ್ತಲು ತಿಣುಕತೊಡಗಿತು. ಆದರೂ ಏಟು ನಿಲ್ಲಲಿಲ್ಲ.

"ಇದು ಸೀಳು ಬಿಟ್ಟ ಬಾಟಲಿ ಕಣೋ. ಎಷ್ಟು ತಿರುಗಿಸಿದ್ರೂ ಅಷ್ಟೇ" ಎಂದರು ಅಕ್ಕ.

ಮೇಸ್ತ್ರಿಗೆ ಅಲ್ಲಿಗೆ ತೀರ್ಮಾನ ಸಿಕ್ಕಿತು. ಆ ದಾರಿಯಲ್ಲಿ ಸಿಗುವ ಪೆಟ್ರೋಲಿಗೆ ಈ ಒತ್ತಡ ಹೊಂದುವುದಿಲ್ಲ. ಪೆಟ್ರೋಲು ಬದಲಾಗುವಂತಿಲ್ಲ, ಎಂಜಿನ್ನೇ ಇಳಿಯಬೇಕು. ಬಾನೆಟ್ ಎತ್ತಿ ಎಂಜಿನ್ ತಣಿಯಲು ಬಿಟ್ಟು ಇಬ್ಬರೂ ಒಂದು ಮೋರಿಯ ಕಟ್ಟೆಯ ಮೇಲೆ ಕೂತರು. ಅಲ್ಲಿ ಮೇಸ್ತ್ರಿ ಅಕ್ಕನಿಗೆ, ನನಗೆ ಆ ಸದ್ದು ಕೇಳುವುದಿಲ್ಲ, ಎಂದು ಹೇಳಿದರು.

"ಗೊತ್ತು" ಎಂದರು ಅಕ್ಕ.

"ಯಾವಾಗಿಂದ?"

"ಮೊದಲಿಂದ್ಲೂ. ನಾನು ತಟ್ಟಿದ ಮೇಲೇ ನೀನು ಕಾಲು ತೆಗೀತಿದ್ದೆ. ಒಂದು ಸಲಾನೂ ಮುಂಚೆ ತೆಗೀಲಿಲ್ಲ."

"ಹೇಳ್ಬೇಕಿತ್ತಲ್ಲ."

"ಜನ ಹಾಗೆ ಕರೆದಾಗ ನಿನ್ನ ಮುಖ ನೋಡ್ತಿದ್ದೆನಲ್ಲೋ. ಹೆಂಗೆ ಹೇಳ್ಲಿ?"

ಮೇಸ್ತ್ರಿ, ಭಾವನವರನ್ನೂ ಕರೆದುಕೊಂಡು ವಾಪಸ್ ಬಂದುಬಿಡು, ಬೀಗ ಹಾಕಿದ ಕೋಣೆ ಹಾಗೇ ಇದೆ, ಸುಣ್ಣ ಹೊಡೆಸುತ್ತೇನೆ, ಎಂದರು. ಗುಮಾಸ್ತರನ್ನು ಭಾವ ಎಂದದ್ದು ಅದೇ ಮೊದಲಂತೆ.

"ಇಲ್ಲಪ್ಪ. ನನ್ನ ಮನೆ ಇಲ್ಲಿದೆ."

"ಅದೂ ನಿನ್ನ ಮನೇನೇ ಅಲ್ವಾ ಅಕ್ಕಾ?"

"ಅದು ನಿನ್ನ ಮನೆ. ನಾನು ಅಲ್ಲಿ ಇದ್ದೆ, ಅಷ್ಟೆ."

ಅಕ್ಕ ಇದನ್ನು ಸಿಟ್ಟಿನಿಂದ ಹೇಳಲಿಲ್ಲವಂತೆ. ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು ಎಂದರು ಮೇಸ್ತ್ರಿ. ದಾರಿಗೆ ಅನ್ನ ಕಟ್ಟಿಕೊಟ್ಟು, ಬೇಗ ಹೊರಡು, ಬಿಸಿಲು ಇಳಿಯುವುದರೊಳಗೆ ಅರ್ಧ ದಾರಿ ಮುಟ್ಟು, ಎಂದು ಅಕ್ಕ ಬೀಳ್ಕೊಟ್ಟರು. ಬಸಿದಿಟ್ಟಿದ್ದ ದುಬಾರಿ ಪೆಟ್ರೋಲನ್ನು ಟ್ಯಾಂಕಿಗೆ ಮತ್ತೆ ಸುರಿದುಕೊಂಡು ಅವರು ಹಿಂದಿರುಗಿದರು.

ಬಂದವರೇ ಹೆಡ್ಡು ಎತ್ತಿದರು. ಹೊಸ ಪಿಸ್ಟನ್ನಿನ ಉಬ್ಬನ್ನು ಮುಟ್ಟಲು ಹೋಗಲಿಲ್ಲ. ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂರುವ ಗ್ಯಾಸ್ಕೆಟ್ಟಿನ ಜಾಗಕ್ಕೆ ದಪ್ಪನೆಯ ತಾಮ್ರದ ತಗಡು ತಂದು, ಕೈಯಲ್ಲೇ ಕತ್ತರಿಸಿ, ಅರ ಹಾಕಿ, ಬೆಂಕಿಯಲ್ಲಿ ಕಾಯಿಸಿ ಮೆದುಮಾಡಿ ಕೂರಿಸಿದರು. ಹೆಡ್ಡು ಅಷ್ಟು ಮೇಲೆ ಹೋಯಿತು, ಒಳಗಿನ ಜಾಗ ಹಿಗ್ಗಿತು. ಸಿರಿಂಜಿನಲ್ಲಿ ಅಳೆದರೆ ಒಂಬತ್ತೂವರೆಗಿಂತ ಸ್ವಲ್ಪ ಕಮ್ಮಿ. ಮಾಮೂಲಿ ಪೆಟ್ರೋಲು ಇದನ್ನು ತಾಳುತ್ತದೆ ಎಂದು ಲೆಕ್ಕ ಹೇಳುತ್ತಿತ್ತು. ತಾಳಿತೇ ಎಂದು ಹೇಳಲು ಯಾರೂ ಇರಲಿಲ್ಲ. ಹಾಗಾಗಿ ಅವರು ಕಣ್ಣಿಗೆ ಕೆಲಸ ಕೊಟ್ಟರು. ಹೊಸ ಪ್ಲಗ್ಗು ಹಾಕಿ, ಏರು ಹತ್ತಿಸಿ, ತುದಿಯಲ್ಲಿ ಎಂಜಿನ್ ನಿಲ್ಲಿಸಿ, ಪ್ಲಗ್ಗು ಬಿಚ್ಚಿ, ತಣಿಯಲು ಕಾದು, ಭೂತಗನ್ನಡಿ ಹಿಡಿದು ಪಿಂಗಾಣಿಯನ್ನು ಚುಕ್ಕೆ ಚುಕ್ಕೆ ನೋಡುವುದು. ಒಂದು ಚುಕ್ಕೆ ಕಂಡರೆ ಕಿಡಿಯ ಹೊತ್ತನ್ನು ತಿರುಗಿಸಿ, ಪ್ಲಗ್ಗು ಉಜ್ಜಿ, ಮತ್ತೆ ಮೊದಲಿಂದ. ಕಡೆಗೊಮ್ಮೆ ನಾಲ್ಕೂ ಪ್ಲಗ್ಗುಗಳು ಒಂದೂ ಚುಕ್ಕೆಯಿಲ್ಲದೆ, ಟೀ ಬಣ್ಣಕ್ಕೆ ತಿರುಗಿ ಬಂದವು.

ಡಾಕ್ಟರು ಕಾರು ಒಯ್ಯಲು ಬಂದ ದಿನ ಷೆಡ್ಡಿನಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ನಾನೂ ಮೆಟ್ಟಿಲ ಮೇಲಿದ್ದೆ. ಪೆಟ್ಟಿಗೆಯ ಮೇಲೆ ಬರೆದಿದ್ದ ಹತ್ತೂವರೆ ಈಗ ಇಲ್ಲ, ಇಳಿಸಿದ್ದೇನೆ, ನೀವು ಬಯಸಿದಷ್ಟು ಜೋರು ಇರುವುದಿಲ್ಲ, ಆದರೆ ದಾರಿಯಲ್ಲಿ ಸಿಗುವ ಪೆಟ್ರೋಲಿನಲ್ಲೇ ಹತ್ತುತ್ತದೆ, ಎಂದರು ಮೇಸ್ತ್ರಿ. ಡಾಕ್ಟರ ಮುಖ ಸ್ವಲ್ಪ ಸಣ್ಣದಾಯಿತು. ಕಂಪ್ರೆಷನ್ ಹಾಗೇ ಬಿಟ್ಟು ನೀವೇ ಕಿವಿಯಲ್ಲಿ ಸರಿಮಾಡಬಹುದಿತ್ತಲ್ಲ, ಹಿಂದೆ ಅಪ್ಪನ ಕಾಲದಲ್ಲಿ ಮಾಡಿದ್ದಿರಲ್ಲ, ಎಂದರು.

ಮೇಸ್ತ್ರಿ ಕೈ ಒರೆಸುತ್ತಿದ್ದ ಬಟ್ಟೆಯನ್ನು ಬೆಂಚಿನ ಮೇಲಿಟ್ಟರು.

"ನನಗೆ ಆ ಸದ್ದು ಕೇಳಲ್ಲ, ಡಾಕ್ಟ್ರೇ. ಯಾವತ್ತೂ ಕೇಳಿಲ್ಲ. ಕೇಳ್ತಿದ್ದದ್ದು ನನ್ನ ಅಕ್ಕ."

ಡಾಕ್ಟರು ಜೋರಾಗಿ ನಕ್ಕುಬಿಟ್ಟರು. ಉಳಿದ ಇಬ್ಬರೂ ನಕ್ಕರು. ಕೆಲಸ ಬಲ್ಲವರು ಹೀಗೇ ಮಾತಾಡೋದು ನೋಡಿ, ಎಂದು ಒಬ್ಬರು ನನ್ನ ಕಡೆ ತಿರುಗಿ ಹೇಳಿದರು. ಅಕ್ಕ ಮದುವೆಯಾಗಿ ಹೋದ ಬೇಜಾರಿಗೆ ಹೀಗೆಲ್ಲ ಅನ್ನಿಸುತ್ತದೆ, ಎಂದರು ಇನ್ನೊಬ್ಬರು. ಮೇಸ್ತ್ರಿ ಇನ್ನೊಮ್ಮೆ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಡಾಕ್ಟರು ಕಾರು ಚಾಲೂ ಮಾಡಿ, ಆಹಾ, ಕೇಳಿ ಎಷ್ಟು ಮೃದು, ಎಂದರು.

ಕಾರು ಬೆಟ್ಟ ಹತ್ತಿ ಇಳಿದು ಬಂತು. ಆ ಸುದ್ದಿ ಹರಡಿ, ಕಂಪ್ರೆಷನ್ ಏರಿಸುವ ಕೆಲಸಗಳು ಮತ್ತೆ ಬರತೊಡಗಿದವು. ಬಂದವರಿಗೆಲ್ಲ ಮೇಸ್ತ್ರಿ ತಮಗೆ ಕೇಳುವುದಿಲ್ಲ ಎಂದು ಮೊದಲೇ ಹೇಳುತ್ತಿದ್ದರು. ಬಂದವರೆಲ್ಲ ನಗುತ್ತಿದ್ದರು. ಕೊನೆಗೆ ಹೇಳುವುದನ್ನು ಬಿಟ್ಟರು. ಅಕ್ಕ ಫೋನ್ ಮಾಡಿದಾಗ ಮಾತ್ರ ರೇಡಿಯೋ ಆರಿಸಿ, ಯಾವ ಎಂಜಿನ್ನು, ಎಷ್ಟಕ್ಕೆ ಏರಿಸಿದೆ, ಯಾವ ಪೆಟ್ರೋಲಿಗೆ ಹೊಂದಿಸಿದೆ ಎಂದು ಒಂದೊಂದಾಗಿ ಒಪ್ಪಿಸುತ್ತಿದ್ದರು.

ನಾನು ವರ್ಗವಾಗಿ ಆ ಊರು ಬಿಡುವವರೆಗೂ ಆಫೀಸಿನಿಂದ ಬರುವಾಗ ಎಷ್ಟೋ ಸಂಜೆ ಅವರನ್ನು ಟ್ಯಾಂಕಿನ ಹಿಂದಿನ ಏರಿನಲ್ಲಿ ಕಾಣುತ್ತಿದ್ದೆ. ಬಾನೆಟ್ ತೆರೆದ ಯಾರದೋ ಕಾರು. ಕಲ್ಲಿನ ಮೇಲೆ ಹಾಸಿದ ಬಟ್ಟೆಯಲ್ಲಿ ಸಾಲಾಗಿ ನಾಲ್ಕು ಪ್ಲಗ್ಗು. ಅಕ್ಕ ಒಂದು ಏಟಿನಲ್ಲಿ ಹೇಳಿ ಮುಗಿಸುತ್ತಿದ್ದುದಕ್ಕೆ ಈಗ ಇಡೀ ಮಧ್ಯಾಹ್ನ ಹಿಡಿಯುತ್ತಿತ್ತು. ನಾನು ಕೂಗಿ ಕೈ ಎತ್ತುತ್ತಿದ್ದೆ. ಅವರು ಭೂತಗನ್ನಡಿಯನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇರುತ್ತಿದ್ದರು.